ಕಚ್ಚದ ಚಪ್ಪಲಿ ಆರಿಸುವುದು: ನನ್ನ ಅನುಭವ

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಹೆಚ್ಚಿನ ಹೊತ್ತು ನಿಂತೇ ಇರುತ್ತೇನೆ. ಕೆಳಗೆ ಸಿಮೆಂಟ್ ನೆಲ, ಮೇಲಿನ ತರಗತಿಗೆ ಹೋಗಲು ಮೆಟ್ಟಿಲು. ನನ್ನ ಪಾದ ಬೆರಳುಗಳ ಹತ್ತಿರ ಅಗಲ, ಹಿಮ್ಮಡಿ ಕಡೆ ಸಣ್ಣ. ಅಂಗಡಿಗಳಲ್ಲಿ ಸಿಗುವ ಹೆಂಗಸರ ಸ್ಯಾಂಡಲ್‌ಗಳಲ್ಲಿ ಬಹಳಷ್ಟು ಮುಂದುಗಡೆ ಕಿರಿದು. ಹಾಗಾಗಿ ಚಪ್ಪಲಿ ಕೊಳ್ಳುವುದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕನ್ನಡಕಕ್ಕೆ ಕಣ್ಣು ಪರೀಕ್ಷೆ ಮಾಡಿಸುತ್ತೇವೆ, ಕಾಲಿಗೆ ಮಾತ್ರ ಸುಮ್ನೆ ಒಂದು ನಂಬರ್ ಹೇಳಿ ಮುಗಿಸಿಬಿಡುತ್ತೇವೆ, ಅಲ್ವಾ?

ನನ್ನ ಕೆಲಸ ಶುರುವಾಗುವುದು ಮನೆಯಲ್ಲಿ, ಸಂಜೆ ಹೊತ್ತು. ದಿನವಿಡೀ ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಪಟ್ಟಿ ಸಂಜೆಗೆ ಬಿಗಿಯಾಗುವುದು ಇದಕ್ಕೇ. ಗಟ್ಟಿ ನೆಲದ ಮೇಲೆ ದಪ್ಪ ಕಾಗದ ಹಾಸಿ, ಅದರ ಮೇಲೆ ನಿಂತು, ಮನೆಯವರ ಕೈಯಲ್ಲಿ ಪೆನ್ಸಿಲ್ ಕೊಟ್ಟು ಪಾದದ ಸುತ್ತ ಗೆರೆ ಎಳೆಸುತ್ತೇನೆ. ಕೂತು ಎಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಭಾರ ಬಿದ್ದಾಗ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಪೆನ್ಸಿಲ್ ನೇರವಾಗಿರಬೇಕು, ಒಳಗೆ ವಾಲಬಾರದು. ಎರಡೂ ಕಾಲಿನದು ತೆಗೆಯಬೇಕು. ನನ್ನ ಎಡಗಾಲು ಬಲಗಾಲಿಗಿಂತ ಕೊಂಚ ದೊಡ್ಡದು. ಎಷ್ಟೋ ಜನರಿಗೆ ಹೀಗೆ ಒಂದು ದೊಡ್ಡದು, ಒಂದು ಚಿಕ್ಕದು ಇರುತ್ತದೆ. ದೊಡ್ಡ ಕಾಲಿಗೆ ತಕ್ಕಂತೆ ಕೊಂಡು, ಚಿಕ್ಕದಕ್ಕೆ ಬಕಲ್ ಒಂದು ತೂತು ಬಿಗಿ ಮಾಡಿದರೆ ಆಯಿತು.

ನಂಬರಿನ ಬಗ್ಗೆ ಒಂದು ಮಾತು. ನಮ್ಮ ಅಂಗಡಿಗಳಲ್ಲಿ 5, 6, 7 ಅಂತ ಕೇಳುವುದು ಬ್ರಿಟಿಷ್ ಅಳತೆ. ಅದರಲ್ಲಿ ಒಂದು ನಂಬರಿನಿಂದ ಇನ್ನೊಂದಕ್ಕೆ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. 38, 39 ಅಂತ ಇರುವುದು ಯುರೋಪಿನ ಅಳತೆ. ಅದರ ಅಂತರ ಸುಮಾರು 6.7 ಮಿ.ಮೀ. ಎರಡರ ಹೆಜ್ಜೆಯೇ ಬೇರೆ, ಹಾಗಾಗಿ ಒಂದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಅರ್ಧ ನಂಬರ್ ನಮ್ಮಲ್ಲಿ ಸಿಗುವುದೂ ಅಪರೂಪ. ಎರಡು ನಂಬರಿನ ನಡುವೆ ಬೀಳುವ ಕಾಲಿನವರು ಒಂದು ಕಂಪನಿಯಲ್ಲಿ 6, ಇನ್ನೊಂದರಲ್ಲಿ 7 ಹಾಕುವುದು ಇದರಿಂದಲೂ ಆಗುತ್ತದೆ. ಮೇಲಾಗಿ ಈ ನಂಬರ್ ಹೇಳುವುದು ಉದ್ದ ಮಾತ್ರ. ಅಗಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನೋವು ಕೊಡುವುದು ಜಾಸ್ತಿ ಅಗಲವೇ.

ಹೀಗಾಗಿ ಎಳೆದ ಗೆರೆಯ ಮೇಲೆ ಕತ್ತರಿಸಿ, ಆ ಕಾಗದದ ಪಾದಗಳನ್ನು ಚೀಲದಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ. ಇಷ್ಟವಾದ ಸ್ಯಾಂಡಲ್‌ ಒಳಗೆ ಕಾಗದ ಇಟ್ಟು ನೋಡುತ್ತೇನೆ. ಅಂಚಿನಿಂದ ಎಲ್ಲಾದರೂ ಹೊರಗೆ ಇಣುಕಿದರೆ ಅದನ್ನು ಹಾಕಿ ನೋಡುವುದೇ ಇಲ್ಲ. ಹಿಮ್ಮಡಿಯ ಹಿಂದೆ, ಬೆರಳಿನ ಮುಂದೆ ಅರ್ಧ ಸೆಂ.ಮೀ.ನಷ್ಟು ಅಟ್ಟೆ ಉಳಿದಿರಬೇಕು. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಮೆಟ್ಟಿಲಿನಲ್ಲಿ ಎಡವುತ್ತೇವೆ. ಅಂಗಡಿಯವರು ಮೊದಲು ವಿಚಿತ್ರವಾಗಿ ನೋಡುತ್ತಾರೆ, ಆಮೇಲೆ ಅವರೇ ಅಗಲವಾದ ಜೊತೆಗಳನ್ನು ಹುಡುಕಿ ತಂದುಕೊಡುತ್ತಾರೆ. ಹೆಂಗಸರ ಕಡೆ ಸಿಗದಿದ್ದರೆ ಗಂಡಸರ ಕಡೆಯ ಸಣ್ಣ ನಂಬರ್ ಕೇಳುವುದಕ್ಕೆ ನನಗೆ ಯಾವ ಸಂಕೋಚವೂ ಇಲ್ಲ. ಅಗಲ ಪಾದಕ್ಕೆ ಅಲ್ಲಿ ಚೆನ್ನಾಗಿ ಕೂರುವ ಜೊತೆ ಸಿಗುತ್ತದೆ.

ಆಮೇಲೆ ಪಟ್ಟಿ. ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ಹೆಬ್ಬೆರಳ ಬುಡದಲ್ಲಿ ಒಳಬದಿಗೆ ಒಂದು ಗಂಟು ಮೂಳೆ ಇದೆ, ಕಿರುಬೆರಳ ಬುಡದಲ್ಲಿ ಹೊರಬದಿಗೂ ಒಂದಿದೆ. ಪಟ್ಟಿಯ ಅಂಚು ಅಥವಾ ಹೊಲಿಗೆ ಈ ಎರಡರ ಮೇಲೆ ಬಂದರೆ ಬೊಬ್ಬೆ ಖಂಡಿತ. ಅದೇ ಒತ್ತಡ ವರ್ಷಗಟ್ಟಲೆ ನಡೆದರೆ ಆಣಿ ಬೆಳೆಯುತ್ತದೆ. ಪಟ್ಟಿ ಮೂಳೆಯ ಹಿಂದೆ, ಪಾದದ ಉಬ್ಬಿನ ಮೇಲೆ ಕೂರಬೇಕು. ಪಟ್ಟಿಯ ಒಳಮೈಯನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಗಟ್ಟಿ ದಾರ, ಗೋಂದಿನ ಗಂಟು, ಕತ್ತರಿಸಿದ ರೆಕ್ಸಿನ್ ಅಂಚು ಕೈಗೆ ತಾಗಿದರೆ ಕಾಲಿಗೂ ತಾಗುತ್ತದೆ.

ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯನ್ನು ಶಾಲೆಗೆ ಹಾಕುವುದಿಲ್ಲ. ಅದು ಜಾರಿಹೋಗದಂತೆ ಬೆರಳುಗಳು ನಮಗೆ ಗೊತ್ತಿಲ್ಲದೆಯೇ ಪ್ರತಿ ಹೆಜ್ಜೆಗೂ ಅಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಸಂಜೆಗೆ ಮೀನಖಂಡ ಸೆಳೆಯುತ್ತದೆ. ಮನೆಯಿಂದ ಹಾಲಿನ ಬೂತಿಗೆ ಹೋಗಿ ಬರಲು ಹವಾಯಿ ಸಾಕು, ದಿನವಿಡೀ ನಿಲ್ಲಲು ಸಾಲದು. ನನಗೆ ಬೇಕಾದದ್ದು ಮೂರು ಕಡೆ ಹೊಂದಿಸಬಹುದಾದ ಸ್ಯಾಂಡಲ್: ಬೆರಳಿನ ಹತ್ತಿರ, ಪಾದದ ಉಬ್ಬಿನ ಮೇಲೆ, ಹಿಮ್ಮಡಿಯ ಹಿಂದೆ.

ಅಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸುತ್ತೇನೆ. ಬೆರಳುಗಳು ಮಡಚುವ ಜಾಗದಲ್ಲಿ ಅದು ಬಾಗಬೇಕು. ನಟ್ಟನಡುವೆ ಬಾಗಿದರೆ ಪಾದದ ಕಮಾನಿಗೆ ಆಸರೆಯೇ ಇಲ್ಲ ಎಂದರ್ಥ. ಒದ್ದೆ ಬಟ್ಟೆ ಹಿಂಡಿದ ಹಾಗೆ ಸುಲಭವಾಗಿ ತಿರುಚಿಕೊಂಡರೂ ಬೇಡ. ಅಂಗಡಿಯಲ್ಲಿ ಒತ್ತಿದಾಗ ಬೆಣ್ಣೆಯಷ್ಟು ಮೆತ್ತಗಿರುವ ಫೋಮ್ ನೋಡಿ ಮನಸ್ಸು ಸೋಲುವುದು ಸಹಜ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಬಿಟ್ಟು ನೋಡಿ. ಗುಳಿ ತಕ್ಷಣ ತುಂಬಿಕೊಳ್ಳದಿದ್ದರೆ ಆ ಮೆತ್ತೆ ಬೇಗ ಚಪ್ಪಟೆಯಾಗುತ್ತದೆ.

ಎರಡೂ ಕಾಲಿಗೆ ಹಾಕಿಕೊಂಡು ನಡೆಯಬೇಕು. ಮ್ಯಾಟ್ ಮೇಲೆ ಅಲ್ಲ, ಟೈಲ್ಸ್ ನೆಲದ ಮೇಲೆ. ಮೆಟ್ಟಿಲಿದ್ದರೆ ಹತ್ತಿ ಇಳಿಯುತ್ತೇನೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ಅಂಚಿನಿಂದ ಹೊರಗೆ ಬಂದರೆ ಪಟ್ಟಿ ಸಡಿಲ. ‘ಹಾಕ್ತಾ ಹಾಕ್ತಾ ಸರಿ ಹೋಗುತ್ತೆ ಮೇಡಂ’ ಎನ್ನುವ ಮಾತನ್ನು ರೆಕ್ಸಿನ್ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಅದು ಕಾಲಿಗೆ ತಕ್ಕಂತೆ ಹಿಗ್ಗಿ ಕೂರುವ ವಸ್ತುವಲ್ಲ. ಅಂಗಡಿಯಲ್ಲಿ ಕಚ್ಚಿದ್ದು ಮನೆಯಲ್ಲೂ ಕಚ್ಚುತ್ತದೆ.

ಆ ಮಾತು ನಿಜವಾಗುವುದು ಅಥಣಿ ಚಪ್ಪಲಿಯಲ್ಲಿ. ನಾವೆಲ್ಲ ಕೊಲ್ಹಾಪುರಿ ಅಂತ ಕರೆಯುವ ಚಪ್ಪಲಿಯನ್ನು ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆಯ ಕುಟುಂಬಗಳು ತಲೆಮಾರುಗಳಿಂದ ಹೊಲಿಯುತ್ತಾ ಬಂದಿವೆ. ಇದಕ್ಕೆ ಸಿಕ್ಕ ಜಿಐ ಟ್ಯಾಗ್‌ನಲ್ಲಿ, ಅಂದರೆ ಒಂದು ಪ್ರದೇಶದ ವಿಶೇಷ ವಸ್ತುವಿಗೆ ಕೊಡುವ ಕಾನೂನಿನ ಮಾನ್ಯತೆಯಲ್ಲಿ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಇದನ್ನು ಇನ್ನೂ ಜಾಸ್ತಿ ಜನ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು ಅದು. ಸಾಂಪ್ರದಾಯಿಕ ಜೊತೆಯಲ್ಲಿ ಮೊಳೆ ಇರುವುದಿಲ್ಲ, ಹೊಲಿಗೆಯೂ ತೊಗಲಿನ ದಾರದ್ದೇ. ಇಂಥ ತೊಗಲು ಪಾದದ ಬಿಸಿ ಮತ್ತು ಬೆವರಿಗೆ ನಿಧಾನವಾಗಿ ಒಗ್ಗುತ್ತದೆ. ಕಾಲಕ್ರಮೇಣ ಅಟ್ಟೆಯ ಮೇಲೆ ನಮ್ಮದೇ ಪಾದದ ಗುರುತು ಮೂಡುತ್ತದೆ.

ಇದನ್ನು ಕೊಳ್ಳುವ ರೀತಿಯೇ ಬೇರೆ. ಉದ್ದ ಮೊದಲೇ ಸರಿ ಇರಬೇಕು, ಏಕೆಂದರೆ ಅಟ್ಟೆ ಉದ್ದವಾಗುವುದಿಲ್ಲ. ಪಟ್ಟಿ ಮಾತ್ರ ಕೊಂಚ ಬಿಗಿ ಇರುವುದನ್ನೇ ತೆಗೆದುಕೊಳ್ಳುತ್ತೇನೆ, ಅದು ಸಡಿಲಾಗಿಯೇ ಆಗುತ್ತದೆ. ಹೊಸದರಲ್ಲಿ ಸಲೀಸಾಗಿ ಕಾಲು ತೂರಿದರೆ ಮುಂದೆ ಅದು ಎಳೆದಾಡುವ ಚಪ್ಪಲಿ. ಬಿಗಿ ಅಂದರೆ ಒತ್ತಬೇಕು ಅಷ್ಟೇ, ಚುಚ್ಚಬಾರದು. ಹೆಬ್ಬೆರಳು ಹೋಗುವ ಉಂಗುಟದಲ್ಲಿ ಬೆರಳು ತಿರುಗಲು ಜಾಗ ಇರಬೇಕು. ಮನೆಗೆ ತಂದು ಪಟ್ಟಿಯ ಒಳಮೈಗೆ, ಉಂಗುಟದ ಒಳಗೆ ಹರಳೆಣ್ಣೆ ತೆಳ್ಳಗೆ ಸವರಿ ರಾತ್ರಿ ಬಿಡುತ್ತೇನೆ. ಮೊದಲ ದಿನಗಳಲ್ಲಿ ಮನೆಯೊಳಗೇ ಸ್ವಲ್ಪ ಸ್ವಲ್ಪ ಹೊತ್ತು ಹಾಕುತ್ತೇನೆ, ಬೇಕಿದ್ದರೆ ಕಾಲುಚೀಲದ ಮೇಲೆ. ಆಮೇಲೆ ಮದುವೆ ಮನೆಗೂ ಹೋಗಬಹುದು, ದೂರದ ನಡಿಗೆಗೂ. ಹಿಂದೆ ಪಟ್ಟಿ ಇಲ್ಲದಿರುವುದರಿಂದ ಶಾಲೆಗೆ ಅಲ್ಲ. ಮಳೆಗಾಲದಲ್ಲಿ ಮಾತ್ರ ಎತ್ತಿಡುತ್ತೇನೆ. ನೆನೆದ ತೊಗಲಿನ ಅಟ್ಟೆ ಉಬ್ಬಿ ಆಕಾರ ಕಳೆದುಕೊಳ್ಳುತ್ತದೆ. ಆಕಸ್ಮಾತ್ ನೆನೆದರೆ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೆಟೆದುಕೊಂಡು ಬಿರಿಯುತ್ತದೆ.

ಚಪ್ಪಲಿ ರಿಪೇರಿ ಮಾಡುವವರ ಕೈಚಳಕವನ್ನು ಕೊಂಡ ಮೊದಲ ವಾರವೇ ಬಳಸಿಕೊಳ್ಳಬೇಕು ಅನ್ನುವುದು ನನ್ನ ಅನುಭವ. ಬಕಲ್‌ಗೆ ಇನ್ನೊಂದು ತೂತು, ಪಟ್ಟಿಯ ಒಳಗೆ ಮೆತ್ತನೆ ತೊಗಲಿನ ಅಸ್ತರು, ನುಣ್ಣನೆ ಅಟ್ಟೆಯ ಅಡಿಗೆ ರಬ್ಬರ್. ಹರಿಯುವವರೆಗೆ ಕಾಯಬೇಕಾಗಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಅವರ ಚಪ್ಪಲಿಯ ವಿಷಯದಲ್ಲಿ ನಾನು ಬೇರೆಯೇ ನಿಯಮ ಪಾಲಿಸುತ್ತೇನೆ. ಅವರ ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿದೆ. ಕಚ್ಚಿದರೂ ಗೊತ್ತಾಗುವುದಿಲ್ಲ, ಹುಣ್ಣಾದ ಮೇಲೇ ಕಣ್ಣಿಗೆ ಬೀಳುವುದು. ಆದ್ದರಿಂದ ‘ಆರಾಮಾಗಿದೆ’ ಎಂಬ ಅವರ ಮಾತೊಂದನ್ನೇ ನಂಬಿ ಕೊಳ್ಳುವಂತಿಲ್ಲ. ಉಂಗುಟ ಬೇಡ, ಬೆರಳ ಸಂದಿಯ ಬಾರೂ ಬೇಡ, ಅಲ್ಲಿ ಉಜ್ಜಿ ಗಾಯವಾಗುತ್ತದೆ. ಅಗಲ ಪಟ್ಟಿ, ವೆಲ್ಕ್ರೋ, ಹಿಂದೆ ಆಸರೆ, ಮತ್ತು ಎಂಸಿಆರ್ ಎನ್ನುವ ಮೆತ್ತನೆ ರಬ್ಬರಿನ ಅಟ್ಟೆ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೂ ಇದೇ ರಬ್ಬರಿನ ಚಪ್ಪಲಿ ಕೊಡುತ್ತಾರೆ. ಅಂಥ ಪಾದಗಳನ್ನು ಉಳಿಸುವ ಕೆಲಸದಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ದೊಡ್ಡ ಹೆಸರು. ಎಂಸಿಆರ್ ಚಪ್ಪಲಿ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ನೋಡಲು ಸೊಗಸಿಲ್ಲ ಅಂತ ಅಮ್ಮ ಮೊದಲು ಮುಖ ಸಿಂಡರಿಸಿದರು. ಕಂದು ಬಣ್ಣದ್ದು ಸಿಕ್ಕ ಮೇಲೆ ಒಪ್ಪಿದರು.

ಹೊಸ ಜೊತೆ ತಂದರೆ ಮೊದಲ ಸಲ ಅರ್ಧ ಗಂಟೆ ಮಾತ್ರ ಮನೆಯಲ್ಲಿ ಹಾಕಿಸುತ್ತೇನೆ. ಬಿಚ್ಚಿಸಿ, ಬೆಳಕಿನಲ್ಲಿ ಪಾದದ ಮೇಲೆ, ಕೆಳಗೆ, ಬೆರಳ ಸಂದಿಯಲ್ಲಿ ನೋಡುತ್ತೇನೆ. ಎಲ್ಲಾದರೂ ಕೆಂಪು ಗುರುತು ಎದ್ದು, ಸ್ವಲ್ಪ ಹೊತ್ತಾದರೂ ಮಾಯವಾಗದಿದ್ದರೆ ಆ ಜೊತೆ ವಾಪಸ್. ಅದಕ್ಕೇ ಬಿಲ್ ಮತ್ತು ಡಬ್ಬಿಯನ್ನು ಅಲ್ಲಿಯವರೆಗೆ ಎಸೆಯುವುದಿಲ್ಲ. ಪ್ರತಿದಿನ ಹಾಕಿಕೊಳ್ಳುವ ಮುಂಚೆ ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಇದೆಯೇ ಅಂತ ನೋಡುವುದನ್ನು ಅಮ್ಮ ಈಗ ತಾವೇ ಮಾಡುತ್ತಾರೆ.