ಹೊಸ ಟ್ಯಾಬ್ಲೆಟ್ ಅತಿಯಾಗಿ ಬಿಸಿಯಾಗುತ್ತಿದೆಯೇ? ಮನೆಯ ವಾದವನ್ನು ಅಳೆದು ತೀರಿಸಿದ ಬಗೆ

ರಾಯಚೂರಿನಲ್ಲಿ ಹದಿನೇಳು ವರ್ಷಗಳಿಂದ ಎಸಿ ಮತ್ತು ಫ್ರಿಜ್ ದುರಸ್ತಿ ಮಾಡುತ್ತ ಬಂದಿರುವ ನನಗೆ ಬಿಸಿಯನ್ನು ಅಳೆಯುವುದು ದಿನನಿತ್ಯದ ಕೆಲಸ. ಆದರೂ ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ ಮಗಳ ಓದಿಗೆಂದು ಹೊಸ ಟ್ಯಾಬ್ಲೆಟ್ ತಂದ ಮೂರನೆಯ ದಿನ ಅವಳು ಅದನ್ನು ನನ್ನ ಕೈಗಿತ್ತು, "ಅಪ್ಪಾ, ಭಾಳ ಬಿಸಿ ಆಗ್ಯಾದ, ಹಿಡೀಲಿಕ್ಕೆ ಆಗವಲ್ದು" ಎಂದಾಗ, ನಾನೂ ಎಲ್ಲರಂತೆ ಹಿಂಬದಿಗೆ ಅಂಗೈ ಇಟ್ಟು ನೋಡಿ, "ಹೌದು, ಬಿಸಿ ಇದೆ" ಎಂದುಬಿಟ್ಟೆ. ಅಂದು ಸಂಜೆ ಮನೆಗೆ ಬಂದ ನನ್ನ ಹೆಂಡತಿಯ ತಮ್ಮ ಅದನ್ನು ಒಪ್ಪಲಿಲ್ಲ. ಅವನು ಹದಿನೈದು ದಿನ ಮೊದಲು ಅದೇ ಅಂಗಡಿಯಿಂದ ಅದೇ ಮಾದರಿಯನ್ನು ಕೊಂಡಿದ್ದ. "ಮಾಮಾ, ನಂದು ಒಂದು ದಿನಾನೂ ಬಿಸಿ ಆಗಿಲ್ಲ. ನಿಮಗ ಕೆಟ್ಟ ಪೀಸ್ ಬಂದದ, ವಾಪಸ್ ಕೊಟ್ಟುಬಿಡ್ರಿ" ಎಂಬುದು ಅವನ ವಾದ. ಅಂಗಡಿಯವರಿಗೆ ಫೋನ್ ಮಾಡಿದರೆ, ಎಲ್ಲ ಟ್ಯಾಬ್ಲೆಟ್‌ಗಳೂ ಇಷ್ಟು ಬಿಸಿಯಾಗುತ್ತವೆ ಎಂಬ ಒಂದೇ ಉತ್ತರ. ಬದಲಿಸಿ ಕೊಡುವ ಅವಧಿ ಏಳು ದಿನ, ಅದರಲ್ಲಿ ಮೂರು ಆಗಲೇ ಕಳೆದಿದ್ದವು.

ಗ್ರಾಹಕರು "ಎಸಿ ಸರಿಯಾಗಿ ತಂಪು ಕೊಡುತ್ತಿಲ್ಲ" ಎಂದಾಗ ನಾನು ಗಾಳಿಗೆ ಕೈ ಹಿಡಿದು ತೀರ್ಮಾನ ಹೇಳುವವನಲ್ಲ. ಒಳಹೋಗುವ ಗಾಳಿ ಎಷ್ಟು ಡಿಗ್ರಿ, ಹೊರಬರುವ ಗಾಳಿ ಎಷ್ಟು ಡಿಗ್ರಿ ಎಂದು ಅಳೆದು, ಎರಡರ ವ್ಯತ್ಯಾಸ ನೋಡಿದ ಮೇಲೆಯೇ ಮಾತಾಡುತ್ತೇನೆ. ಮನೆಯ ವಸ್ತುವಿನ ವಿಷಯದಲ್ಲಿ ಮಾತ್ರ ಕೈಯನ್ನು ನಂಬಿದ್ದು ತಪ್ಪು ಎಂದು ಆ ರಾತ್ರಿ ಅನಿಸಿತು. ಕೈಗೆ ತಿಳಿಯುವುದು ವಸ್ತುವಿನ ಉಷ್ಣತೆಯಲ್ಲ, ಅದರಿಂದ ಚರ್ಮಕ್ಕೆ ಎಷ್ಟು ಬೇಗ ಶಾಖ ಹರಿಯುತ್ತದೆ ಎಂಬುದು. ಬಿಸಿಲಿನಲ್ಲಿ ಒಟ್ಟಿಗೇ ಬಿದ್ದಿರುವ ಕಬ್ಬಿಣದ ಸಲಾಕೆಯನ್ನೂ ಕಟ್ಟಿಗೆಯ ತುಂಡನ್ನೂ ಮುಟ್ಟಿದರೆ ಕಬ್ಬಿಣವೇ ಚುರುಕ್ಕೆನ್ನುತ್ತದೆ. ಅಲ್ಯೂಮಿನಿಯಂ ಬೆನ್ನಿನ ಟ್ಯಾಬ್ಲೆಟ್ಟೂ ಪ್ಲಾಸ್ಟಿಕ್ ಬೆನ್ನಿನದೂ ಒಂದೇ ಉಷ್ಣತೆಯಲ್ಲಿದ್ದರೂ ಕೈಗೆ ಒಂದೇ ಆಗಿ ತೋರುವುದಿಲ್ಲ.

ಮರುದಿನ ಬೆಳಿಗ್ಗೆ ಕೆಲಸದ ಚೀಲದಿಂದ ಟೆಂಪರೇಚರ್ ಗನ್ ತೆಗೆದು ಟ್ಯಾಬ್ಲೆಟ್‌ನ ಬೆನ್ನಿಗೆ ಹಿಡಿದೆ. ಮಗಳು ಅರ್ಧ ಗಂಟೆ ಆಟವಾಡಿದ ಮೇಲೆ ಅದು ತೋರಿಸಿದ್ದು 38 ಡಿಗ್ರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ತಪ್ಪು ಅಂಕಿಯನ್ನೇ ಹಿಡಿದು ವಾದಿಸುತ್ತಿದ್ದೆ. ಈ ಗನ್ ಅಳೆಯುವುದು ಮೇಲ್ಮೈಯಿಂದ ಹೊಮ್ಮುವ ಅವಕೆಂಪು ಕಿರಣವನ್ನು. ಬರಿಯ ಲೋಹ, ಅದರಲ್ಲೂ ಹೊಳೆಯುವ ಲೋಹ, ಆ ಕಿರಣವನ್ನು ಕಡಿಮೆ ಹೊಮ್ಮಿಸಿ, ಸುತ್ತಲಿನ ಗೋಡೆ ಸೂರಿನ ಕಿರಣವನ್ನು ಪ್ರತಿಫಲಿಸುತ್ತದೆ. ಮಗಳಿಗೆ ಇದನ್ನು ತೋರಿಸಲು ಒಂದು ಸ್ಟೀಲ್ ಚೊಂಬಿನಲ್ಲಿ ಕಾಯಿಸಿದ ನೀರು ತುಂಬಿ ಗನ್ ಹಿಡಿದೆ: 36 ಡಿಗ್ರಿ. ಕೈ ತಾಗಿಸಲಾಗದಷ್ಟು ಸುಡುವ ಚೊಂಬು 36 ಡಿಗ್ರಿ ಇರಲು ಸಾಧ್ಯವೇ ಇಲ್ಲ. ಅದೇ ಚೊಂಬಿಗೆ ಎರಡು ಇಂಚು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಒಂದು ನಿಮಿಷ ಬಿಟ್ಟು, ಟೇಪಿನ ಮೇಲೆ ಗನ್ ಹಿಡಿದಾಗ 68 ಬಂತು. ಟ್ಯಾಬ್ಲೆಟ್‌ಗೂ ಹಾಗೆಯೇ ಟೇಪ್ ಹಚ್ಚಿ ನೋಡಿದರೆ, 38 ಎಂದಿದ್ದ ಜಾಗ 41 ತೋರಿಸಿತು. ಚೊಂಬಿನಷ್ಟು ದೊಡ್ಡ ಅಂತರ ಇಲ್ಲದಿರುವುದಕ್ಕೆ ಕಾರಣ, ಟ್ಯಾಬ್ಲೆಟ್‌ನ ಅಲ್ಯೂಮಿನಿಯಂ ಮೇಲೆ ಆನೊಡೈಸ್ ಮಾಡಿದ ಮಂಕು ಪದರ ಇರುವುದು. ಆದರೂ ಮೂರು ಡಿಗ್ರಿಯನ್ನು ಅಲಕ್ಷಿಸುವಂತಿಲ್ಲ.

ಹಿಂಬದಿಯನ್ನು ಒಂಬತ್ತು ಚೌಕಗಳಾಗಿ ಭಾವಿಸಿ, ಪ್ರತಿ ಚೌಕದಲ್ಲೂ ಟೇಪಿನ ಸಣ್ಣ ತುಂಡು ಅಂಟಿಸಿ ನೋಡಿದಾಗ ಬಿಸಿ ಎಲ್ಲೆಡೆ ಸಮನಾಗಿಲ್ಲ ಎಂಬುದು ಸ್ಪಷ್ಟವಾಯಿತು. ಕ್ಯಾಮೆರಾ ಇರುವ ಮೇಲಿನ ಮೂಲೆಯ ಪಕ್ಕದ ಚೌಕವೇ ಎಲ್ಲಕ್ಕಿಂತ ಹೆಚ್ಚು ಬಿಸಿ. ನಡುವಿನ ಚೌಕ ಅದಕ್ಕಿಂತ ನಾಲ್ಕು ಡಿಗ್ರಿ ಕಡಿಮೆ, ಎದುರು ಮೂಲೆ ಏಳು ಡಿಗ್ರಿ ಕಡಿಮೆ. ಬಿಸಿಯ ಮೂಲ ಬ್ಯಾಟರಿಯಲ್ಲ, ಪ್ರೊಸೆಸರ್ ಎಂದು ಇದರಿಂದ ಊಹಿಸಿದೆ, ಏಕೆಂದರೆ ನಡುವಿನ ದೊಡ್ಡ ಭಾಗವನ್ನು ತುಂಬಿಕೊಂಡಿರುವುದು ಬ್ಯಾಟರಿ. ಮಗಳು ಟ್ಯಾಬ್ಲೆಟ್ಟನ್ನು ಅಡ್ಡ ಹಿಡಿದಾಗ ಅವಳ ಎಡಗೈ ಬೆರಳುಗಳು ನೇರವಾಗಿ ಆ ಬಿಸಿ ಚೌಕದ ಮೇಲೆಯೇ ಕೂರುತ್ತಿದ್ದವು. ಅವಳ ದೂರು ಸುಳ್ಳಾಗಿರಲಿಲ್ಲ.

ಜಾಗ ಗೊತ್ತಾದ ಮೇಲೆ ಗನ್ ಬಿಟ್ಟು, ಮಲ್ಟಿಮೀಟರಿಗೆ ಹಾಕುವ ಥರ್ಮೋಕಪಲ್ (ತುದಿ ತಾಗಿದ ಜಾಗದ ಉಷ್ಣತೆ ಅಳೆಯುವ) ತಂತಿಯ ತುದಿಯನ್ನು ಅಲ್ಲಿ ಟೇಪಿನಿಂದ ಒತ್ತಿ ಅಂಟಿಸಿದೆ. ಇನ್ನೊಂದು ಥರ್ಮಾಮೀಟರನ್ನು ಕೋಣೆಯ ಗಾಳಿಗೆ ಇಟ್ಟೆ. ಫ್ಯಾನ್ ಬಂದ್, ಕಿಟಕಿ ಬಂದ್, ಪರದೆಯ ಬೆಳಕು ಅರ್ಧ, ಪ್ರತಿ ಕೆಲಸಕ್ಕೂ 45 ನಿಮಿಷ, ನಡುವೆ ತಣಿಯಲು ಅಷ್ಟೇ ಸಮಯ. ಕೋಣೆ 30 ಡಿಗ್ರಿ ಇದ್ದಾಗ, ಮೊದಲೇ ಇಳಿಸಿಕೊಂಡ ಪಾಠದ ವಿಡಿಯೋ ನೋಡುವಾಗ ಬಿಸಿ ಚೌಕ 34.5 ಡಿಗ್ರಿ, ವಿಡಿಯೋ ಕರೆಯಲ್ಲಿ 39, ಭಾರೀ ಚಿತ್ರಗಳ ಆಟದಲ್ಲಿ 43.5, ಅದೇ ಆಟವನ್ನು ಚಾರ್ಜಿಗೆ ಹಾಕಿಕೊಂಡು ಆಡಿದಾಗ 46. ಕೊನೆಗೆ ಮಗಳು ನಿಜವಾಗಿ ಬಳಸುವ ರೀತಿಯಲ್ಲೇ, ಹತ್ತಿಯ ಹಾಸಿಗೆಯ ಮೇಲೆ ಇಟ್ಟು, ಚಾರ್ಜಿಗೆ ಹಾಕಿ, ಆಟ ನಡೆಸಿದೆವು. ಅರ್ಧ ಗಂಟೆ ದಾಟುವಷ್ಟರಲ್ಲಿ 49 ತಲುಪಿ, ಪರದೆ ತಾನಾಗಿಯೇ ಮಂಕಾಯಿತು, ಚಾರ್ಜಿಂಗ್ ನಿಂತಿತು, ಆಟದ ಚಲನೆ ತಡವರಿಸಿತು. ಮಗಳು ಗಾಬರಿಯಾದಳು. ಅದು ಕೆಟ್ಟದ್ದರಿಂದ ಹಾಗಾಗಲಿಲ್ಲ. ಒಳಗಿನ ಸೆನ್ಸಾರ್ ಬಿಸಿಯನ್ನು ಕಂಡು ಕೆಲಸದ ವೇಗವನ್ನು ತಗ್ಗಿಸಿಕೊಂಡಿತ್ತು. ಎಸಿಯ ಕಂಪ್ರೆಸರ್ ಮೇಲಿರುವ ಓವರ್‌ಲೋಡ್ ಪ್ರೊಟೆಕ್ಟರ್ ಕೂಡ ಬಿಸಿ ಮಿತಿ ಮೀರಿದಾಗ ಕಂಪ್ರೆಸರನ್ನೇ ನಿಲ್ಲಿಸಿ ಹೀಗೆ ಕಾಪಾಡುತ್ತದೆ.

ಈಗ ಹೆಂಡತಿಯ ತಮ್ಮನ ಸರದಿ. ಅವನ ಟ್ಯಾಬ್ಲೆಟ್‌ಗೆ ದಪ್ಪನೆಯ ರಬ್ಬರ್ ಕವರ್ ಇತ್ತು, ಅವನು ಅದನ್ನು ಬಳಸುವುದು ಹೆಚ್ಚಾಗಿ ಎಸಿ ಇರುವ ಕಚೇರಿಯಲ್ಲಿ. ನಮ್ಮ ಕೋಣೆಯಲ್ಲಿ, ಅದೇ ಆಟವನ್ನು ಅದೇ 45 ನಿಮಿಷ ನಡೆಸಿ, ಕವರಿನ ಹೊರಮೈ ಅಳೆದಾಗ ಕೇವಲ 36 ಡಿಗ್ರಿ ಬಂತು. ಅವನ ಮುಖದಲ್ಲಿ ಗೆಲುವು ಕಂಡಿತು. ಆದರೆ ಕವರಿಗೂ ಲೋಹಕ್ಕೂ ನಡುವೆ ಮೊದಲೇ ಸೇರಿಸಿಟ್ಟಿದ್ದ ಥರ್ಮೋಕಪಲ್ 47 ತೋರಿಸುತ್ತಿತ್ತು. ಕವರ್ ತೆಗೆದು, ತಣಿಯಲು ಬಿಟ್ಟು, ಮತ್ತೆ ಮೊದಲಿನಿಂದ ನಡೆಸಿದಾಗ ಅವನದು 42.8, ನಮ್ಮದು 43.5. ಎರಡರಲ್ಲೂ ದೋಷವಿರಲಿಲ್ಲ. ಕವರ್ ಅವನ ಕೈಗೆ ಬಿಸಿ ತಾಗದಂತೆ ತಡೆದಿತ್ತು, ಆದರೆ ಆ ಬಿಸಿಯನ್ನೆಲ್ಲ ಯಂತ್ರದೊಳಗೇ ಉಳಿಸಿತ್ತು. ನಮ್ಮಿಬ್ಬರಲ್ಲಿ ಯಾರದು ನಿಜವಾಗಿ ಹೆಚ್ಚು ಬಿಸಿ ಎಂದರೆ, ತಣ್ಣಗಿದೆ ಎಂದು ಹೇಳುತ್ತಿದ್ದ ಅವನದೇ.

ಟ್ಯಾಬ್ಲೆಟ್‌ಗೆ ಫ್ಯಾನ್ ಇಲ್ಲ, ಅದರ ಮೈಯೇ ಅದರ ರೇಡಿಯೇಟರ್ ಎಂಬ ಮಾತನ್ನು ಜನ ಮರೆಯುತ್ತಾರೆ. ಎಸಿಯ ಹೊರಗಿನ ಯೂನಿಟ್ ಬಿಸಿಗಾಳಿ ಊದುತ್ತಿದೆ ಎಂದು ಯಾರೂ ದೂರುವುದಿಲ್ಲ. ಅದು ಊದದಿದ್ದಾಗಲೇ ನನ್ನನ್ನು ಕರೆಸಬೇಕಾಗುತ್ತದೆ. ತೆಳ್ಳನೆಯ ಲೋಹದ ಮೈ ಬೆಚ್ಚಗಾಗುತ್ತಿದೆ ಎಂದರೆ ಒಳಗಿನ ಶಾಖ ಹೊರಬರುತ್ತಿದೆ ಎಂದರ್ಥ. ಹಾಗೆಂದು ಎಷ್ಟು ಬಿಸಿಯಾದರೂ ಸರಿ ಎಂದಲ್ಲ.

ಈ ವಾದ ಹೊಸದೂ ಅಲ್ಲ. 2012ರ ಮಾರ್ಚ್ 16ರಂದು ಆಪಲ್ ಕಂಪನಿಯ ಮೂರನೆಯ ತಲೆಮಾರಿನ ಐಪ್ಯಾಡ್ ಮಾರಾಟಕ್ಕೆ ಬಂದ ಕೆಲವೇ ದಿನಗಳಲ್ಲಿ, ಅದು ಹಿಂದಿನದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ ಎಂದು ಕೊಂಡವರು ಹೇಳತೊಡಗಿದರು, ಇನ್ನು ಕೆಲವರು ತಮ್ಮದು ಹಾಗಾಗಿಲ್ಲ ಎಂದರು. ಅಮೆರಿಕದ ಗ್ರಾಹಕ ಪತ್ರಿಕೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ ಭಾರೀ ಆಟವೊಂದನ್ನು ನಡೆಸಿ ಅಳೆದಾಗ 116 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 47 ಡಿಗ್ರಿ ಸೆಲ್ಸಿಯಸ್, ಕಂಡುಬಂತು. ತನ್ನ ಉಪಕರಣ ನಿಗದಿತ ಉಷ್ಣತೆಯ ಮಿತಿಯೊಳಗೇ ಕೆಲಸ ಮಾಡುತ್ತದೆ ಎಂದು ಕಂಪನಿ ಉತ್ತರಿಸಿತು. ಅದೇ ಪತ್ರಿಕೆ ಮುಂದೆ ಆ ಬಿಸಿಯಲ್ಲಿ ಆತಂಕಪಡುವಂಥದ್ದೇನೂ ಇಲ್ಲವೆಂದು ಹೇಳಿ, ಆ ಟ್ಯಾಬ್ಲೆಟ್ಟಿಗೆ ಉತ್ತಮ ಅಂಕವನ್ನೇ ಕೊಟ್ಟಿತು. ಬಿಸಿ ಹೆಚ್ಚಿದ್ದಕ್ಕೆ ಕಾರಣವೂ ಗುಟ್ಟಾಗಿರಲಿಲ್ಲ. ಪರದೆ 1024 × 768ರಿಂದ 2048 × 1536ಕ್ಕೆ ಏರಿ ಚುಕ್ಕೆಗಳು ನಾಲ್ಕು ಪಟ್ಟಾಗಿದ್ದವು. ಅಷ್ಟು ಒತ್ತಾದ ಚುಕ್ಕೆಗಳ ಹಿಂದಿನಿಂದ ಬೆಳಕು ಹಾಯಿಸಲು ಹೆಚ್ಚು ವಿದ್ಯುತ್ ಬೇಕು, ಅಷ್ಟು ಚುಕ್ಕೆಗಳನ್ನು ಚಲಿಸಲು ಹೆಚ್ಚು ಬಲದ ಚಿಪ್ ಬೇಕು. ಬ್ಯಾಟರಿಯನ್ನು 25 ವ್ಯಾಟ್-ಗಂಟೆಯಿಂದ 42.5ಕ್ಕೆ ಹಿಗ್ಗಿಸಿದ್ದರೂ, ಒಂದು ಚಾರ್ಜಿಗೆ ಅದು ನಡೆಯುವ ಹೊತ್ತು ಮೊದಲಿನಷ್ಟೇ, ಸುಮಾರು 10 ಗಂಟೆ, ಉಳಿಯಿತು. ಹೆಚ್ಚುವರಿಯಾಗಿ ತುಂಬಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಆ ತೆಳ್ಳನೆಯ ಮೈಯಿಂದಲೇ ಹೊರಹೋಗಬೇಕಿತ್ತು. ಆಗ ವಾದಿಸಿದ ಇಬ್ಬರೂ ನಿಜವನ್ನೇ ಹೇಳುತ್ತಿದ್ದರೆಂದು ನನಗೆ ಈಗ ಅನಿಸುತ್ತದೆ. ಒಬ್ಬರು ಆಟ ಆಡುತ್ತಿದ್ದಿರಬೇಕು, ಇನ್ನೊಬ್ಬರು ಓದುತ್ತಿದ್ದಿರಬೇಕು.

ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೈಯಲ್ಲಿ ಹಿಡಿಯುವ ಉಪಕರಣಗಳ ಹೊರಮೈಗೆ ಐಇಸಿ 62368-1 ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಇಡುವ ಗೆರೆ 48 ಡಿಗ್ರಿ. ನಮ್ಮ ಟ್ಯಾಬ್ಲೆಟ್ ಕೈಯಲ್ಲಿದ್ದಾಗ 46ನ್ನು ದಾಟಲಿಲ್ಲ, ಹಾಸಿಗೆಯ ಮೇಲೆ ಮಾತ್ರ ದಾಟಿತು. ಇದನ್ನು ನೋಡಿ ಆರನೆಯ ದಿನ, ವಾಪಸ್ ಕೊಡುವುದು ಬೇಡ, ಬಳಸುವ ರೀತಿ ಬದಲಿಸೋಣ ಎಂದು ನಿರ್ಧರಿಸಿದೆವು. ಇನ್ನೊಂದು ಸಂಗತಿಯೂ ಆ ಹೊತ್ತಿಗೆ ತಿಳಿದಿತ್ತು. ಮೂರನೆಯ ದಿನ ಏನೂ ಮಾಡದಿದ್ದಾಗಲೂ ಬಿಸಿಯಾಗಿದ್ದದ್ದು ಹಳೆಯ ಫೋನಿನ ಸಾವಿರಾರು ಫೋಟೋಗಳು ಹಿನ್ನೆಲೆಯಲ್ಲಿ ಇಳಿಯುತ್ತಿದ್ದುದರಿಂದ. ಅವೆಲ್ಲ ಇಳಿದು ಮುಗಿದ ಮೇಲೆ ಸುಮ್ಮನಿದ್ದಾಗಿನ ಬಿಸಿ ತಾನಾಗಿ ಇಲ್ಲವಾಯಿತು. ಹೊಸದನ್ನು ಕೊಂಡ ಮೊದಲ ಎರಡು ಮೂರು ದಿನಗಳ ಬಿಸಿಯನ್ನು ಹಿಡಿದುಕೊಂಡು ಯಾರೂ ತೀರ್ಮಾನಕ್ಕೆ ಬರಬಾರದು.

ನಿಜವಾದ ಪರೀಕ್ಷೆ ಬಂದದ್ದು ಮೇ ತಿಂಗಳಿನಲ್ಲಿ. ಐಪ್ಯಾಡ್ ಬಳಸಲು ಆಪಲ್ ಹೇಳುವ ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ. ನಮ್ಮ ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆ ಮಧ್ಯಾಹ್ನ ಮೂರಕ್ಕೆ 39 ಮುಟ್ಟುತ್ತಿತ್ತು, ಟ್ಯಾಬ್ಲೆಟ್ ಆನ್ ಮಾಡುವ ಮೊದಲೇ ಮಿತಿ ಮೀರಿತ್ತು. ವಿಡಿಯೋ ಕರೆಯಲ್ಲೇ ಅದು 47.5ಕ್ಕೆ ಹೋದಾಗ ಮೂರು ಬದಲಾವಣೆ ಮಾಡಿದೆವು. ಮಧ್ಯಾಹ್ನದ ಚಾರ್ಜಿಂಗ್ ನಿಲ್ಲಿಸಿ ಬೆಳಗಿನ ಐದೂವರೆಗೆ ಹಾಕತೊಡಗಿದೆವು, ಏಕೆಂದರೆ ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಪೂರ್ತಿ ತುಂಬಿಕೊಂಡು ಇದ್ದಷ್ಟೂ ಬೇಗ ಮುಪ್ಪಾಗುತ್ತದೆ. ವ್ಯಾಸಪೀಠದಂತೆ ಹಿಂಬದಿ ತೆರೆದಿರುವ ಕಟ್ಟಿಗೆಯ ಸ್ಟ್ಯಾಂಡ್ ಒಂದನ್ನು ಬಡಗಿಯಿಂದ ಮಾಡಿಸಿದೆ. ಅದರ ಬೆನ್ನಿಗೆ ಗಾಳಿ ತಾಗುವಂತೆ ಟೇಬಲ್ ಫ್ಯಾನ್ ಇಟ್ಟೆವು. ಅದೇ ಕೋಣೆಯಲ್ಲಿ, ಅದೇ ಕರೆಯಲ್ಲಿ, ಫ್ಯಾನ್ ಒಂದರಿಂದಲೇ 47.5 ಇದ್ದದ್ದು 42.5ಕ್ಕೆ ಇಳಿಯಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಐದು ಡಿಗ್ರಿ ಇಳಿಸುವ ಬೇರೆ ದಾರಿ ನನಗೆ ಕಾಣಲಿಲ್ಲ.

ಬಿಸಿಯಾದ ಟ್ಯಾಬ್ಲೆಟ್ಟನ್ನು ಐದು ನಿಮಿಷ ಫ್ರಿಜ್‌ನಲ್ಲಿಟ್ಟರೆ ಸಾಕು ಎಂದು ಪರಿಚಯದವರೊಬ್ಬರು ಹೇಳಿದರು. ಫ್ರಿಜ್ ದುರಸ್ತಿ ಮಾಡುವವನಾಗಿ ಇದನ್ನು ಕೈಮುಗಿದು ಬೇಡ ಎನ್ನುತ್ತೇನೆ. ಒಳಗಿನಿಂದ ತೆಗೆದ ತಣ್ಣನೆಯ ನೀರಿನ ಬಾಟಲಿಯ ಮೈ ಹೇಗೆ ಬೆವರುತ್ತದೆಯೋ, ಹಾಗೆಯೇ ತಣ್ಣಗಾದ ಟ್ಯಾಬ್ಲೆಟ್ ಹೊರಗೆ ಬಂದೊಡನೆ ಅದರ ಒಳಗೂ ನೀರಿನ ಹನಿ ಕಟ್ಟಬಹುದು.

ಹೆದರಬೇಕಾದ ಬಿಸಿ ಯಾವುದು ಎಂಬುದನ್ನೂ ನಾನು ಕಂಡಿದ್ದೇನೆ. ನನ್ನ ಅಂಗಡಿಯಲ್ಲಿ ಬಿಲ್ ಬರೆಯಲು ಇಟ್ಟುಕೊಂಡಿದ್ದ ಬೇರೊಂದು ಹಳೆಯ ಟ್ಯಾಬ್ಲೆಟ್, ಆಫ್ ಮಾಡಿದ್ದರೂ ನಡುವಿನಲ್ಲಿ ಬೆಚ್ಚಗಿರುತ್ತಿತ್ತು. ಒಂದು ದಿನ ಅದನ್ನು ಗಾಜಿನ ಕೌಂಟರ್ ಮೇಲೆ ಇಟ್ಟಾಗ ಸಮತಟ್ಟಾಗಿ ಕೂರದೆ ತಿರುಗಿತು. ಅಂಚಿಗೆ ಕಣ್ಣಿಟ್ಟು ನೋಡಿದರೆ ಬೆನ್ನು ಉಬ್ಬಿ, ಪರದೆಯ ಒಂದು ಬದಿ ಚೌಕಟ್ಟಿನಿಂದ ಎದ್ದಿತ್ತು. ಬ್ಯಾಟರಿಯೊಳಗೆ ಅನಿಲ ತುಂಬಿದ ಗುರುತು ಅದು. ಒತ್ತಿ ಕೂರಿಸುವ, ಬಿಚ್ಚಿ ನೋಡುವ ಗೋಜಿಗೆ ಹೋಗದೆ, ಚಾರ್ಜರ್ ಕಿತ್ತು, ಮರಳು ತುಂಬಿದ ಬಕೆಟ್‌ನಲ್ಲಿ ಅಂಗಡಿಯ ಹೊರಗಿನ ನೆರಳಿನಲ್ಲಿ ಇಟ್ಟು, ಅಂದೇ ಸರ್ವಿಸ್ ಸೆಂಟರಿಗೆ ಒಪ್ಪಿಸಿದೆ. ಕೆಲಸ ಮಾಡುವಾಗಿನ ಬಿಸಿ ಒಂದು ಬಗೆ, ಸುಮ್ಮನಿದ್ದಾಗ ಏರುವ ಬಿಸಿ ಇನ್ನೊಂದು ಬಗೆ. ಎರಡನೆಯದಕ್ಕೆ ಥರ್ಮೋಕಪಲ್ ಹುಡುಕುತ್ತ ಕೂರಬಾರದು.

ಜುಲೈನಲ್ಲಿ ಮಳೆ ಹಿಡಿದ ಮೇಲೆ ಒಮ್ಮೆ ಅದೇ ಆಟವನ್ನು ಅದೇ ರೀತಿಯಲ್ಲಿ ನಡೆಸಿ ಅಳೆದೆ. ಕೋಣೆ 27, ಬಿಸಿ ಚೌಕ 40. ಮಾರ್ಚ್‌ನಲ್ಲಿ ಕೋಣೆಗಿಂತ 13.5 ಡಿಗ್ರಿ ಮೇಲಿದ್ದದ್ದು ಈಗ 13 ಡಿಗ್ರಿ ಮೇಲಿತ್ತು. ಮಗಳು ಅದನ್ನು ತನ್ನ ರಸಾಯನಶಾಸ್ತ್ರದ ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ಹಳೆಯ ಅಂಕಿಗಳ ಕೆಳಗೆ ಬರೆದುಕೊಂಡಳು. ಹೆಂಡತಿಯ ತಮ್ಮ ಈಗಲೂ ರಬ್ಬರ್ ಕವರ್ ಹಾಕಿಕೊಂಡೇ ಕಚೇರಿಗೆ ಹೋಗುತ್ತಾನೆ, ಚಾರ್ಜಿಗೆ ಹಾಕುವ ಮುನ್ನ ಮಾತ್ರ ಅದನ್ನು ಬಿಚ್ಚಿ ಪಕ್ಕಕ್ಕಿಡುತ್ತಾನೆ.