ಹಳೆಯ .315 ರೈಫಲ್‌ಗೆ ಬಟ್ ಕೂರಿಸಿದ ನನ್ನ ಅನುಭವ

ಕೊಡವರು ಆಯುಧ ಪೂಜಿಸುವ ಹಬ್ಬವಾದ ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹತ್ತಿರವಾಯಿತೆಂದರೆ ಕೊಡಗಿನ ಐನ್‌ಮನೆಗಳ (ಕುಲದ ಮೂಲಮನೆಗಳ) ಕೋವಿಗಳು ಒಂದೊಂದಾಗಿ ನನ್ನ ರಿಪೇರಿ ಅಂಗಡಿಗೆ ಬರತೊಡಗುತ್ತವೆ. ಹಿಂದೊಂದು ವರ್ಷ ಹಿರಿಯರೊಬ್ಬರು ತಂದದ್ದು ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯ .315 ರೈಫಲ್. ದಾಖಲೆ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡು ಕೈಗೆತ್ತಿಕೊಂಡರೆ, ಬಟ್ಟಿನ, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಹಿಂಬದಿಯ ಮರದ, ಸಪೂರ ಭಾಗ ಎರಡು ಬೆರಳಗಲ ಸೀಳಿತ್ತು. ಯಾರೋ ಅದಕ್ಕೆ ಅಂಟು ತುಂಬಿ ಹಿತ್ತಾಳೆಯ ತಂತಿ ಸುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಈ ರೈಫಲ್ ಬೇಟೆಗೆ ಹೋದದ್ದಿಲ್ಲ. ಹಬ್ಬದ ಪೂಜೆಗೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಅಷ್ಟೇ ಬಳಕೆ. ಆದರೂ ಮರ ಸೀಳಲು ನಾಲ್ಕು ಗುಂಡು ಸಾಕು. ಬ್ರಿಟಿಷ್ ಸೇನೆಯ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ ಈ ರೈಫಲ್‌ನಲ್ಲಿ ಬಟ್ ಬೇರೆ, ನಳಿಗೆಯ ಕೆಳಗಿನ ಮರ ಬೇರೆ. ಬಟ್ಟಿನ ಮೂತಿ ಕಬ್ಬಿಣದ ಗೂಡಿನೊಳಗೆ ಕೂರುತ್ತದೆ, ಉದ್ದನೆಯ ಬೋಲ್ಟೊಂದು ಅದನ್ನು ಹಿಂದಿನಿಂದ ಎಳೆದು ಹಿಡಿಯುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಬೋಲ್ಟ್ ಸಡಿಲಾದರೆ, ಪ್ರತಿ ಗುಂಡಿಗೂ ಕಬ್ಬಿಣ ಹಿಂದಕ್ಕೆ ಬಡಿದು ಮರವನ್ನು ಬಿಡಿಸುತ್ತ ಹೋಗುತ್ತದೆ.

"ಬೀಟೆಯಲ್ಲೇ ಮಾಡಿಕೊಡಿ, ಮೊಮ್ಮಕ್ಕಳ ಕಾಲಕ್ಕೂ ಇರಲಿ" ಎಂದರು ಹಿರಿಯರು. ನಾನು ಒಪ್ಪಲಿಲ್ಲ. ಬೀಟೆ ನೋಡಲು ಚೆಂದ, ಆದರೆ ಭಾರ. ಹಿಂಬದಿ ತೂಗಿದರೆ ರೈಫಲ್‌ನ ಸಮತೋಲವೇ ಕೆಡುತ್ತದೆ. ತೇಗ ಎಳೆಯ ಗುಂಟ ಸುಲಭವಾಗಿ ಸೀಳುತ್ತದೆ, ಹಲಸು ಮೆತ್ತಗೆ. ಈ ಕೆಲಸಕ್ಕೆ ಅಕ್ರೋಟ್ ಮರವೇ ಸರಿ. ಅದೃಷ್ಟಕ್ಕೆ ನನ್ನ ಅಟ್ಟದಲ್ಲಿ ಹಳೆಯ ಸೇನಾ ಮಾದರಿಯ ಅಕ್ರೋಟ್ ಬಟ್ಟೊಂದಿತ್ತು. ಮೂತಿಯಲ್ಲಿ ಎಳೆಗಳು ನೇರವಾಗಿ ಸಾಗಿವೆಯೇ ಎಂಬುದನ್ನಷ್ಟೇ ನೋಡಿದೆ. ಅಲ್ಲಿ ಎಳೆ ಓರೆಯಾಗಿದ್ದರೆ ಉಳಿದ ಅಂದವೆಲ್ಲ ವ್ಯರ್ಥ.

ಹಳೆಯ ಬಟ್ ಬಿಚ್ಚುವಾಗ ಒಂದು ಎಚ್ಚರ ಬೇಕು. ಬೋಲ್ಟಿನ ಚೌಕಾಕಾರದ ತುದಿ ಗೂಡನ್ನು ದಾಟಿ ಮುಂಬದಿಯ ಮರದಲ್ಲಿರುವ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಮುಂಬದಿಯ ಮರವನ್ನು ಮೊದಲು ಕಳಚದೆ ಬೋಲ್ಟ್ ತಿರುಗಿಸಿದರೆ, ಒಂದು ಮರ ಸರಿಪಡಿಸಲು ಹೋಗಿ ಎರಡನೆಯದನ್ನೂ ಸೀಳಿಸಿದಂತಾಗುತ್ತದೆ. ಕಲಿಯುವ ದಿನಗಳಲ್ಲಿ ನಾನೇ ಹಾಗೆ ಒಂದನ್ನು ಹಾಳುಮಾಡಿದ್ದೇನೆ. ಬಟ್ಟಿನ ಹಿಂದಿನ ತೂತಿನೊಳಗೆ ಬೋಲ್ಟಿನ ತಲೆಯ ಮೇಲೆ ಚರ್ಮದ ಬಿಲ್ಲೆಯೊಂದು ಕೂತಿರುತ್ತದೆ. ಕಸವೆಂದು ತಿಳಿದು ಸ್ಕ್ರೂಡ್ರೈವರಿನಿಂದ ತಿವಿಯುವವರೇ ಹೆಚ್ಚು; ಕೊಕ್ಕೆ ಹಾಕಿ ಎತ್ತಿದರೆ ಇಡಿಯಾಗಿ ಬರುತ್ತದೆ.

ಹೊಸ ಬಟ್ಟಿನ ಮೂತಿ ಗೂಡಿಗೆ ದಪ್ಪವಾಗಿತ್ತು; ಹಾಗಿದ್ದದ್ದೇ ಒಳ್ಳೆಯದಾಯಿತು. ಗೂಡಿನ ಒಳಗೋಡೆಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಬಳಿದು, ಬಟ್ಟನ್ನು ಒತ್ತಿ ತೆಗೆದು, ಮಸಿ ಹತ್ತಿದ ಕಡೆ ಮಾತ್ರ ಹೆರೆದೆ. ಮತ್ತೆ ಒತ್ತುವುದು, ಮತ್ತೆ ಹೆರೆಯುವುದು, ಎರಡು ದಿನ ಇದೇ ಕೆಲಸ. ಮೊದಲಿಗೆ ಮಸಿ ಎಡಗಡೆ ಮಾತ್ರ ಹತ್ತುತ್ತಿತ್ತು. ಕೊನೆಗೆ ಸುತ್ತಲೂ ಹುರುಳಿಕಾಳಿನಷ್ಟು ದೊಡ್ಡ ಚುಕ್ಕೆಗಳು ಸಮವಾಗಿ ಮೂಡಿದವು. ಇಲ್ಲಿ ಉಪ್ಪುಕಾಗದ ಹಿಡಿದರೆ ಅಂಚು ದುಂಡಾಗುತ್ತದೆ, ಹಿಡಿತ ಹೋಗುತ್ತದೆ.

ಸೇನೆಗೆ ಈ ಬಟ್ಟುಗಳು ಬೇರೆ ಬೇರೆ ಉದ್ದದಲ್ಲಿ ಬರುತ್ತಿದ್ದವು. ನನ್ನ ಬಳಿ ಇದ್ದುದರ ಮೇಲೆ ಉದ್ದನೆಯದನ್ನು ಸೂಚಿಸುವ ಎಲ್ ಅಕ್ಷರವಿತ್ತು. ಹಿರಿಯರದು ಗಿಡ್ಡ ಮೈಕಟ್ಟು. ಹಿಂದಿನಿಂದ ಅರ್ಧ ಇಂಚು ಕೊಯ್ದೆ. ಹಿಂಬದಿಗೆ ಅಗಲವಾಗುವ ಆಕಾರವಾದ್ದರಿಂದ, ಬಟ್ಟಿನ ಹಿಂತುದಿಗೆ ಹೊದಿಸುವ ಹಿತ್ತಾಳೆಯ ತಟ್ಟೆ ಸುತ್ತಲೂ ಕೂದಲೆಳೆಯಷ್ಟು ಹೊರಚಾಚಿತು. ಅದನ್ನು ಅರದಿಂದ ಉಜ್ಜಿ ಮರಕ್ಕೆ ಸಮಮಾಡಿದೆ. ಬಲಮಗ್ಗುಲಲ್ಲಿ ರೆಜಿಮೆಂಟಿನ ಗುರುತಿನ ಬಿಲ್ಲೆಗೆಂದು ತೋಡಿದ ಕುಳಿಗೆ ಕೊಯ್ದ ತುಂಡಿನಿಂದಲೇ ಬೆಣೆ ಮಾಡಿ, ಎಳೆಗೆ ಎಳೆ ಹೊಂದಿಸಿ ಅಂಟಿಸಿದೆ. ಆಮೇಲೆ ಅಗಸೆ ಎಣ್ಣೆ: ಅಂಗೈಯಲ್ಲಿ ತಿಕ್ಕಿ, ಒಣಗಲು ಬಿಟ್ಟು, ಮತ್ತೆ ತಿಕ್ಕಿ, ಹೀಗೆ ಮೂರು ವಾರ.

ಹಬ್ಬಕ್ಕೆ ರೈಫಲ್ ಮನೆ ಸೇರಿತು. ಮಳೆಗಾಲದ ತೇವ ಹೀರಿದ ಮರ ಒಣಗಿದಾಗ ಕುಗ್ಗುವುದೆಂದು, ಚಳಿಗಾಲ ಕಳೆದ ಮೇಲೆ ಮತ್ತೊಮ್ಮೆ ತರಲು ಹೇಳಿದ್ದೆ. ಫೆಬ್ರವರಿಯಲ್ಲಿ ತಂದರು. ಮುಂಬದಿಯ ಮರ ಕಳಚಿ ನೋಡಿದರೆ ಬೋಲ್ಟ್ ಸರಿಯಾಗಿ ಕಾಲು ಸುತ್ತು ಬಿಗಿಯಿತು, ಚೌಕದ ತುದಿ ತಗಡಿಗೆ ನೇರವಾಗಿ ಕೂತಿತು. ಚರ್ಮದ ಬಿಲ್ಲೆಯನ್ನು ಮತ್ತೆ ಅದರ ಜಾಗಕ್ಕೆ ತಳ್ಳಿದೆ.