ಗುಡ್ಡದೂರಿನ ಆನ್‌ಲೈನ್ ಕ್ಲಾಸ್: ನಾನು ಮಾಡಿದ್ದು ಹೀಗೆ

ಹೊಸನಗರದ ಕಡೆ ಒಂದು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿದ ಮೇಲೆ ಎಲ್ಲರ ಹಾಗೆ ನಾವೂ ವಿಡಿಯೊ ಕ್ಲಾಸ್ ಶುರು ಮಾಡಿದೆವು. ಪರದೆ ಮೇಲೆ ಹೆಸರುಗಳು ಕಾಣುತ್ತಿದ್ದವು, ಹಾಜರಿ ಪುಸ್ತಕ ತುಂಬುತ್ತಿತ್ತು. ಪಾಠ ಯಾರಿಗೆ ಮುಟ್ಟಿತು ಅನ್ನುವುದು ಮಾತ್ರ ಗೊತ್ತಾಗುತ್ತಿರಲಿಲ್ಲ.

ನಮ್ಮ ಕಡೆ ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಒಂದೇ, ಅದೂ ಅಪ್ಪನ ಜೇಬಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಕ್ಲಾಸ್ ಅಂದರೆ ಆ ಫೋನ್ ತೋಟದಲ್ಲಿರುತ್ತದೆ. ಹೆಣ್ಣುಮಕ್ಕಳಂತೂ ಮನೆಯಲ್ಲಿದ್ದಾರೆ ಅಂದರೆ ಕೆಲಸಕ್ಕೆ ಸಿಕ್ಕರು ಅಂತಲೇ ಲೆಕ್ಕ.

ಹಾಗಾಗಿ ಲೈವ್ ಬಿಟ್ಟೆ. ಪಾಠವನ್ನು ಹತ್ತು ಹತ್ತು ನಿಮಿಷದ ತುಂಡು ಮಾಡಿ ಬರೀ ದನಿ ರೆಕಾರ್ಡ್ ಮಾಡಿದೆ. 32 ಕೆಬಿಪಿಎಸ್‌ನಲ್ಲಿ (ಅಂದರೆ ಸೆಕೆಂಡಿಗೆ 32 ಕಿಲೋಬಿಟ್) ಉಳಿಸಿದರೆ ಒಂದು ತುಂಡು 2.4 ಎಂಬಿ. ವಿಡಿಯೊ ಕ್ಲಾಸ್ ಗಂಟೆಗೆ ನೂರಾರು ಎಂಬಿ ನುಂಗುತ್ತದೆ. ಮಾತಿಗೆ ಈ ಗುಣಮಟ್ಟ ಸಾಕು, ಸಂಗೀತ ಕಛೇರಿ ಅಲ್ವಲ್ಲ! ರೇಖಾಚಿತ್ರ ಬೇಕಾದಾಗ ಗ್ರಾಫ್ ಹಾಳೆ ಮೇಲೆ ಬರೆದು ಫೋಟೊ ಕಳಿಸುತ್ತಿದ್ದೆ. ಗೆರೆಗಳಿಗೆ ‘ಅ’, ‘ಆ’ ಅಂತ ಗುರುತು ಹಾಕಿ, ಆಡಿಯೊದಲ್ಲಿ ಅದೇ ಗುರುತು ಹೇಳುತ್ತಿದ್ದೆ.

ಜಾಸ್ತಿ ತಲೆ ಓಡಿಸಬೇಕಾಗಿದ್ದು ಪ್ರಶ್ನೆಗಳಿಗೆ. ‘ಪೂರೈಕೆಯ ಸ್ಥಿತಿಸ್ಥಾಪಕತ್ವ ಎಂದರೇನು?’ (ಬೆಲೆ ಬದಲಾದಾಗ ಮಾರಾಟಕ್ಕೆ ಬರುವ ಸರಕು ಎಷ್ಟು ಬದಲಾಗುತ್ತದೆ ಅನ್ನುವುದು) ಅಂತ ಕೇಳಿದರೆ ಇಡೀ ಗ್ರೂಪಿನಿಂದ ಒಂದೇ ಉತ್ತರ ಬರುತ್ತಿತ್ತು, ಕಾಗುಣಿತದ ತಪ್ಪೂ ಸೇರಿ. ಪ್ರಶ್ನೆ ಬದಲಾಯಿಸಿದೆ: ‘ಅಡಿಕೆ ರೇಟು ಏರಿದಾಗ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಂಡಿಗೆ ಹಾಕಿದ್ದು ಜಾಸ್ತಿಯಾಯಿತಾ? ಆ ಅಡಿಕೆ ಎಲ್ಲಿಂದ ಬಂತು?’ ಇದಕ್ಕೆ ನಕಲು ಹೊಡೆಯುವುದು ಕಷ್ಟ. ಅಡಿಕೆ ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು. ಇವತ್ತು ರೇಟು ಏರಿತು ಅಂತ ಮರ ನಾಳೆ ಜಾಸ್ತಿ ಗೊನೆ ಬಿಡುವುದಿಲ್ಲ, ಮನೆಯಲ್ಲಿ ಕೂಡಿಟ್ಟ ಮೂಟೆಯಷ್ಟೇ ಹೊರಗೆ ಬರುತ್ತದೆ. ಇದನ್ನು ನಾನು ಹೇಳುವ ಮೊದಲೇ ಎಷ್ಟೋ ಮಕ್ಕಳು ಬರೆದಿದ್ದರು. ಒಬ್ಬಳಂತೂ, “ಮೇಡಂ, ನಮ್ಮದು ರಾಶಿ ಇಡಿ. ಸೊಸೈಟಿ ಸಾಲ ಕಟ್ಟಬೇಕಿತ್ತು, ರೇಟು ಇಳಿದಾಗಲೇ ಕೊಟ್ವಿ” ಅಂತ ವಾಯ್ಸ್ ಮೆಸೇಜ್ ಕಳಿಸಿದಳು. (ರಾಶಿ ಇಡಿ ಅಂದರೆ ಅಡಿಕೆಯ ಒಂದು ದರ್ಜೆ.) ಮುಂದಿನ ಆಡಿಯೊ ಪೂರ್ತಿ ಅವಳ ಉತ್ತರದ ಮೇಲೇ ಹೋಯಿತು.

ಬರೆಯಲು ಹಿಂಜರಿಯುವವರಿಗೆ ಮಾತಲ್ಲೇ ಉತ್ತರ ಹೇಳಲು ಬಿಟ್ಟೆ. ಪ್ರತಿಯೊಬ್ಬರಿಗೂ ಹೆಸರು ಹಿಡಿದು, ಎಲ್ಲಿ ಸರಿ, ಎಲ್ಲಿ ಎಡವಿದ್ದು ಅಂತ ಒಂದು ನಿಮಿಷ ಮಾತಾಡಿ ಕಳಿಸುತ್ತಿದ್ದೆ. ಸಂಜೆಗಳೆಲ್ಲ ಅದಕ್ಕೇ ಹೋದವು, ಸುಳ್ಳು ಹೇಳುವುದಿಲ್ಲ. ಆದರೆ ತಿದ್ದಿದ್ದನ್ನು ನೋಡಿ ಎಷ್ಟು ಮಕ್ಕಳು ಮತ್ತೆ ಬರೆದು ಕಳಿಸಿದರು ಅನ್ನುವುದೇ ನನಗೆ ನಿಜವಾದ ಹಾಜರಿ. ಮೇಲಿನವರು ಕೇಳುವ ವರದಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ ಬಿಡಿ.

2021ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಶೇ 40ರವರೆಗಿನ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್ ತಾಣವಾದ ‘ಸ್ವಯಂ’ ಪೋರ್ಟಲ್‌ನಲ್ಲಿ ಮಾಡಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಅಲ್ಲಿ ವಿಡಿಯೊ, ಓದುವ ಪಾಠ, ಕಿರುಪರೀಕ್ಷೆ, ಚರ್ಚಾ ವೇದಿಕೆ ನಾಲ್ಕೂ ಇವೆ. ಚರ್ಚೆಯಲ್ಲಿ ಇಂಗ್ಲಿಷಿನಲ್ಲಿ ಕೇಳಲು ನಮ್ಮ ಮಕ್ಕಳಿಗೆ ಅಂಜಿಕೆ. ಈಗ ಅವರು ಪ್ರಶ್ನೆಯನ್ನು ಕನ್ನಡದಲ್ಲಿ ನನಗೆ ಕಳಿಸುತ್ತಾರೆ. ಮಧ್ಯಾಹ್ನ ಲ್ಯಾಬಿನಲ್ಲಿ ಜೊತೆಗೆ ಕೂತು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತೇವೆ. ವೇದಿಕೆಗೆ ಹಾಕುವುದು ಮಾತ್ರ ಅವರೇ, ಅವರ ಹೆಸರಲ್ಲೇ.